ಮನೆ ಕಟ್ಟಿ ನೋಡು, ತಂತ್ರಾಂಶ ಬರೆಸಿ ನೋಡು

ಕೊಚ್ಚಿಯಲ್ಲಿ ಹಲವು ದಶಕಗಳಿಂದ ಹೋಟೆಲು ನಡೆಸುತ್ತಿರುವ ನಮ್ಮ ಹಿರಿಯ ಮಿತ್ರರೊಬ್ಬರು ಎರಡು ಕಾಗದಗಳನ್ನು ಹಿಡಿದುಕೊಂಡು ತಿರುವನಂತಪುರದ ನಮ್ಮ ಮನೆಗೆ ಬಂದಿದ್ದರು. ಬಿಲ್ಲು, ಉಗ್ರಾಣದ ದಾಸ್ತಾನು ಮತ್ತು ಕೆಲಸಗಾರರ ಸಂಬಳದ ಲೆಕ್ಕಕ್ಕಾಗಿ ಅವರು ಒಂದು ತಂತ್ರಾಂಶವನ್ನು ಬರೆಸಲು ಹೊರಟಿದ್ದರು. ಒಂದು ಕಾಗದದಲ್ಲಿ 2 ಲಕ್ಷ ರೂಪಾಯಿ, 2 ತಿಂಗಳು ಎಂದಿತ್ತು. ಇನ್ನೊಂದರಲ್ಲಿ 7 ಲಕ್ಷ ರೂಪಾಯಿ, 6 ತಿಂಗಳು ಎಂದಿತ್ತು. "ರಾಯರೇ, ನೀವು ಬ್ಯಾಂಕಿನವರು, ಲೆಕ್ಕ ಬಲ್ಲವರು. ಇವರಿಬ್ಬರಲ್ಲಿ ನನಗೆ ಮೋಸ ಮಾಡುತ್ತಿರುವವರು ಯಾರು, ಹೇಳಿ" ಎಂದರು.

ನಾವು ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕು ಸೇರಿದವರು. ಗಣಕಯಂತ್ರದ ಒಳಗುಟ್ಟು ನಮಗೆ ತಿಳಿಯದು. ಆದರೂ ಕಾಗದಗಳನ್ನು ಒಂದು ವಾರದ ಮಟ್ಟಿಗೆ ನಮ್ಮ ಬಳಿ ಇರಿಸಿಕೊಂಡು, ಒಂದೆರಡು ಪುಸ್ತಕಗಳನ್ನು ತಿರುವಿ ಹಾಕಿ, ಇಲ್ಲಿನ ಟೆಕ್ನೋಪಾರ್ಕಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಅಕ್ಕನ ಮಗನನ್ನು ಕೂರಿಸಿಕೊಂಡು ಕೇಳಿದೆವು. ಅದರ ಸಾರವನ್ನು ಕನ್ನಡ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ. ಇಂದು ನಮ್ಮ ಮನೆಗಳಲ್ಲಿ ಹಲವರ ಮಕ್ಕಳು ತಂತ್ರಾಂಶ ಬರೆಯುವವರು. ನಮ್ಮಲ್ಲಿ ಹಲವರು ಅಂಗಡಿಗೋ, ಶಾಲೆಗೋ, ದೇವಸ್ಥಾನಕ್ಕೋ ತಂತ್ರಾಂಶ ಬರೆಸುವವರು. ಆದ್ದರಿಂದ ಈ ಲೆಕ್ಕ ಇಬ್ಬರಿಗೂ ಬೇಕು.

ಗೋಡೆ ಕಾಣುತ್ತದೆ, ತಂತ್ರಾಂಶ ಕಾಣುವುದಿಲ್ಲ

ಗೃಹಸಾಲ ಕೊಡುವಾಗ ಬ್ಯಾಂಕು ಮೊದಲು ಅಂದಾಜು ಪಟ್ಟಿಯನ್ನು ಕೇಳುತ್ತದೆ. ತಳಪಾಯ ಮುಗಿದಾಗ ಇಷ್ಟು, ಚಾವಣಿ ಮುಗಿದಾಗ ಇಷ್ಟು ಎಂದು ಹಂತ ಹಂತವಾಗಿ ಹಣ ಬಿಡುಗಡೆಯಾಗುತ್ತದೆ. ಗೋಡೆ ಎಷ್ಟು ಎದ್ದಿದೆಯೆಂಬುದನ್ನು ಹೋಗಿ ನೋಡಬಹುದು, ಅಳೆಯಬಹುದು. ತಂತ್ರಾಂಶದಲ್ಲಿ ಈ ಸೌಕರ್ಯವಿಲ್ಲ. "ಮುಕ್ಕಾಲು ಪಾಲು ಮುಗಿದಿದೆ" ಎಂದರೆ ನಂಬಬೇಕಷ್ಟೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಒಂದೇ ನಕ್ಷೆಯ ಹತ್ತು ಮನೆಗಳನ್ನು ಕಟ್ಟಿದ ಮೇಸ್ತ್ರಿಗೆ ಹನ್ನೊಂದನೆಯದರ ಖರ್ಚು ಬಾಯಿಪಾಠವಾಗಿರುತ್ತದೆ. ತಂತ್ರಾಂಶವಾದರೋ ಒಮ್ಮೆ ಬರೆದ ಮೇಲೆ ಅದರ ಪ್ರತಿ ತೆಗೆಯಲು ಖರ್ಚೇ ಇಲ್ಲ. ಹಾಗಾಗಿ ಹಣ ಕೊಟ್ಟು ಬರೆಸುವುದೆಲ್ಲ ಹಿಂದೆ ಅದೇ ರೂಪದಲ್ಲಿ ಇಲ್ಲದಿದ್ದದ್ದೇ. ಏನು ಬೇಕೆಂಬುದು ಬರೆಸುವವರಿಗೇ ಆರಂಭದಲ್ಲಿ ಪೂರ್ತಿ ತಿಳಿದಿರುವುದಿಲ್ಲ.

ಅಮೆರಿಕದ ಬ್ಯಾರಿ ಬೋಹ್ಮ್ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅನಿಶ್ಚಿತತೆಗೂ ಒಂದು ಅಳತೆಯನ್ನು ಸೂಚಿಸಿದ್ದಾರೆ. ಕೆಲಸ ಇನ್ನೂ ಬರಿಯ ಯೋಚನೆಯ ಹಂತದಲ್ಲಿರುವಾಗ ಹೇಳಿದ ಅಂದಾಜು, ನಿಜವಾದ ಲೆಕ್ಕದ ಕಾಲು ಭಾಗವೂ ಆಗಿರಬಹುದು, ನಾಲ್ಕು ಪಟ್ಟೂ ಆಗಿರಬಹುದು. ಅಂದರೆ ಒಂದು ವರ್ಷ ಹಿಡಿಯುವ ಕೆಲಸಕ್ಕೆ ಮೊದಲ ದಿನ ಒಬ್ಬರು 3 ತಿಂಗಳೆಂದೂ ಇನ್ನೊಬ್ಬರು 48 ತಿಂಗಳೆಂದೂ ಹೇಳಿದರೆ ಅದರಲ್ಲಿ ಮೋಸವೇ ಇರಬೇಕೆಂದಿಲ್ಲ. ಅಗತ್ಯಗಳು ಬರಹಕ್ಕೆ ಇಳಿದಂತೆ, ವಿನ್ಯಾಸ ಸ್ಪಷ್ಟವಾದಂತೆ ಈ ಅಂತರ ಕಿರಿದಾಗುತ್ತದೆ. ನಮ್ಮ ಮಿತ್ರರ ಕಾಗದಗಳ ನಡುವಿನ ಅಂತರವು ಮೂರೂವರೆ ಪಟ್ಟು ಮಾತ್ರ!

ಎಲೆ ಎಣಿಸುವ ಲೆಕ್ಕ

ಹಾಗಾದರೆ ಅಂದಾಜು ಮಾಡುವುದು ಹೇಗೆ? ಮದುವೆಯ ಅಡುಗೆಗೆ ಭಟ್ಟರನ್ನು ಗೊತ್ತು ಮಾಡುವಾಗ ಅವರು ಎಷ್ಟು ಸೌಟು ಸಾರು ಬೇಕೆಂದು ಕೇಳುವುದಿಲ್ಲ. ಎಷ್ಟು ಎಲೆ, ಎಷ್ಟು ಬಗೆಯ ಪಲ್ಯ, ಸಿಹಿ ಒಂದೋ ಎರಡೋ ಎಂದು ಕೇಳುತ್ತಾರೆ. ಉಣ್ಣುವವರಿಗೆ ಕಾಣುವುದನ್ನು ಎಣಿಸಿ, ಅದರಿಂದ ಅಕ್ಕಿ, ಬೇಳೆ, ಆಳುಗಳ ಲೆಕ್ಕಕ್ಕೆ ಬರುತ್ತಾರೆ. ಐಬಿಎಂ ಸಂಸ್ಥೆಯ ಅಲನ್ ಆಲ್ಬ್ರೆಕ್ಟ್ ಅವರು 1979ರಲ್ಲಿ ಮುಂದಿಟ್ಟ ಫಂಕ್ಷನ್ ಪಾಯಿಂಟ್ ಎಂಬ ಕ್ರಮವು ಇದನ್ನೇ ಹೋಲುತ್ತದೆ. ತಂತ್ರಾಂಶದಲ್ಲಿ ಎಷ್ಟು ಸಾಲು ಬರೆಯಬೇಕೆಂದು ಮೊದಲೇ ಊಹಿಸುವುದರ ಬದಲು, ಬಳಸುವವನಿಗೆ ಒದಗುವ ಐದು ಬಗೆಯ ಸಂಗತಿಗಳನ್ನು ಎಣಿಸುವುದು ಈ ಕ್ರಮ. ಒಳಗೆ ತುಂಬುವ ಮಾಹಿತಿ, ಹೊರಗೆ ಬರುವ ವರದಿ, ಕೇಳಿದಾಗ ಸಿಗುವ ಉತ್ತರ, ಒಳಗೆ ಕಾಪಾಡುವ ಕಡತ, ಬೇರೊಂದು ತಂತ್ರಾಂಶದಿಂದ ಪಡೆಯುವ ಕಡತ ಇವೇ ಆ ಐದು. ಪ್ರತಿಯೊಂದಕ್ಕೂ ಅದರ ಜಟಿಲತೆಯನ್ನು ನೋಡಿ ಒಂದು ತೂಕವಿದೆ.

ಮಿತ್ರರ ಹೋಟೆಲಿಗೆ ಇದನ್ನು ಅನ್ವಯಿಸಿ ನೋಡಿದೆವು. ಬಿಲ್ಲು, ಖರೀದಿ, ಹಾಜರಿ ಮೊದಲಾದ 6 ನಮೂನೆಯ ಮಾಹಿತಿ, ತಲಾ 4ರಂತೆ 24. ದಿನದ ವ್ಯಾಪಾರ, ತೆರಿಗೆ, ಸಂಬಳ, ದಾಸ್ತಾನು ಎಂಬ 4 ವರದಿಗಳು, ತಲಾ 5ರಂತೆ 20. ವಿಚಾರಣೆಗಳು 3, ತಲಾ 4ರಂತೆ 12. ಒಳಗಿನ ಕಡತಗಳು 3, ತಲಾ 10ರಂತೆ 30. ಹೊರಗಿನ ಕಡತ 1, ಅದಕ್ಕೆ 7. ಎಲ್ಲ ಕೂಡಿದರೆ 93 ಅಂಶಗಳು. ಬರೆಯುವ ತಂಡಕ್ಕೆ ಹಿಂದಿನ ಕೆಲಸಗಳಲ್ಲಿ ಪರೀಕ್ಷೆಯೂ ಸೇರಿ ಅಂಶವೊಂದಕ್ಕೆ 10 ಗಂಟೆ ಹಿಡಿದಿತ್ತೆಂದು ಭಾವಿಸಿದರೆ, 930 ಗಂಟೆ. ತಿಂಗಳಿಗೆ 160 ಗಂಟೆಯಂತೆ ಒಬ್ಬರ 6 ತಿಂಗಳ ದುಡಿಮೆ. ಸಂಬಳ, ಬಾಡಿಗೆ, ವಿದ್ಯುತ್ತು ಎಲ್ಲ ಸೇರಿ ತಿಂಗಳಿಗೆ 80,000 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 4 ಲಕ್ಷ 80 ಸಾವಿರ ರೂಪಾಯಿ.

ಇಲ್ಲಿ ಎಣಿಕೆ ಗ್ರಾಹಕನದು. ಗಂಟೆಯ ಲೆಕ್ಕ ಆ ತಂಡದ ಹಳೆಯ ದಾಖಲೆಯದು. ಹಳೆಯ ದಾಖಲೆಯಿಲ್ಲದ ತಂಡದ ಅಂದಾಜು ಬರಿಯ ಆಶಾವಾದವೆಂದು ತಿಳಿಯಬೇಕು.

ತುಂಬದ ರಾಕೆಟ್ಟು ಮತ್ತು ಬಿಲ್ಲಿನ ಪೆಟ್ಟಿಗೆ

ನಮ್ಮ ಊರಿನ ಪಕ್ಕದ ತುಂಬದ ಕಡಲ ದಂಡೆಯಿಂದ 1963ರ ನವೆಂಬರ್ 21ರಂದು ನಮ್ಮ ದೇಶದ ಮೊದಲ ಶೋಧಕ ರಾಕೆಟ್ ಮೇಲೇರಿತು. ಅಲ್ಲಿನ ಇಗರ್ಜಿಯೇ ಆಗ ವಿಜ್ಞಾನಿಗಳ ಕಚೇರಿಯಾಗಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿ 1990ರಲ್ಲಿ ಟೆಕ್ನೋಪಾರ್ಕ್ ಸ್ಥಾಪನೆಯಾಯಿತು. ರಾಕೆಟ್ಟಿಗೂ ತಂತ್ರಾಂಶ ಬೇಕು, ಬಿಲ್ಲಿನ ಪೆಟ್ಟಿಗೆಗೂ ತಂತ್ರಾಂಶ ಬೇಕು. ಇವೆರಡಕ್ಕೂ ಸಾಲಿಗಿಷ್ಟು ಎಂದು ಒಂದೇ ದರ ಕಟ್ಟಬಹುದೇ?

ಬೋಹ್ಮ್ ಅವರು 63 ಯೋಜನೆಗಳ ದಾಖಲೆಗಳನ್ನು ಆಧರಿಸಿ ರಚಿಸಿದ ಕೊಕೊಮೊ ಎಂಬ ಸೂತ್ರವು ಕೂಡದು ಎನ್ನುತ್ತದೆ. ಪರಿಚಿತ ಕೆಲಸವನ್ನು ಸಣ್ಣ ತಂಡವು ಮಾಡುವಾಗ 10 ಸಾವಿರ ಸಾಲುಗಳಿಗೆ ಸುಮಾರು 27 ಮಾನವ-ತಿಂಗಳು ಬೇಕು. ಅಷ್ಟೇ ಸಾಲುಗಳ ತಂತ್ರಾಂಶವು ಯಂತ್ರದೊಡನೆ ಬಿಗಿಯಾಗಿ ಹೆಣೆದುಕೊಂಡು, ತಪ್ಪಿಗೆ ಎಡೆಯಿಲ್ಲದಂತಿದ್ದರೆ ಸುಮಾರು 57 ಮಾನವ-ತಿಂಗಳು ಬೇಕು. ಒಬ್ಬರು ಒಂದು ತಿಂಗಳು ದುಡಿದರೆ ಅದು ಒಂದು ಮಾನವ-ತಿಂಗಳು. ಕೆಲಸದ ಗಾತ್ರ 10 ಪಟ್ಟು ಹಿಗ್ಗಿದರೆ ಮೊದಲನೆಯದರಲ್ಲಿ ಶ್ರಮ 11 ಪಟ್ಟು ಹಿಗ್ಗುತ್ತದೆ, ಎರಡನೆಯದರಲ್ಲಿ ಸುಮಾರು 16 ಪಟ್ಟು! ಸೂತ್ರದ ಅಂಕಿಗಳು ಹಳೆಯವು. 2000ದಲ್ಲಿ ಅದರ ಪರಿಷ್ಕೃತ ರೂಪವೂ ಗ್ರಂಥವಾಗಿ ಬಂದಿದೆ. ತತ್ತ್ವ ಮಾತ್ರ ಇಂದಿಗೂ ಸಲ್ಲುತ್ತದೆ.

"ಹಳೆಯದು ಇದ್ದೇ ಇದೆಯಲ್ಲ, ಅದನ್ನೇ ಹಾಕಿಕೊಡಿ" ಎನ್ನುವವರು ಯುರೋಪಿನ ಏರಿಯಾನ್-5 ರಾಕೆಟ್ಟನ್ನು ನೆನೆಯಬೇಕು. 1996ರ ಜೂನ್ 4ರಂದು ಅದು ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲೇ ನಾಶವಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶದ ಭಾಗವೊಂದನ್ನು ಹೊಸ ರಾಕೆಟ್ಟಿಗೂ ಬಳಸಲಾಗಿತ್ತು. ಹೊಸದರ ವೇಗ ಹೆಚ್ಚು. ಆ ವೇಗದ ಸಂಖ್ಯೆ ತನಗಿಟ್ಟ ಪುಟ್ಟ ಜಾಗದಲ್ಲಿ ಹಿಡಿಸದೆ ಲೆಕ್ಕವೇ ನಿಂತುಹೋಯಿತು. ಹೊಸ ಪಥಕ್ಕೆ ಹಳೆಯ ತಂತ್ರಾಂಶವನ್ನು ಒಡ್ಡಿ ಪರೀಕ್ಷಿಸುವ ಶ್ರಮವನ್ನು ಉಳಿಸಿದ್ದಕ್ಕೆ ತೆತ್ತ ಬೆಲೆಯದು. ಹಳೆಯದನ್ನು ಬಳಸುವುದಕ್ಕೂ ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಇರಬೇಕು.

ಬಡಿಸುವ ಹೊತ್ತಿಗೆ ಹೊಸಬರು ಬಂದರೆ

ಕೆಲಸ ಹಿಂದೆ ಬಿದ್ದಾಗ "ಇನ್ನಷ್ಟು ಜನರನ್ನು ಹಾಕಿ" ಎನ್ನುವುದು ಲೋಕರೂಢಿ. ಐಬಿಎಂನ ಬೃಹತ್ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರ ತಮ್ಮ ಪುಸ್ತಕದಲ್ಲಿ ಇದಕ್ಕೆ ವಿರುದ್ಧವಾದ ಮಾತನ್ನು ಹೇಳಿದರು. ತಡವಾದ ತಂತ್ರಾಂಶಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂಬುದು ಅವರ ಅನುಭವ. ಎಲೆ ಹಾಕುವ ಹೊತ್ತಿಗೆ ಅಡುಗೆಮನೆಗೆ ಬಂದ ಹೊಸಬರು ಉಪ್ಪೆಲ್ಲಿ, ಹುಣಸೆಯೆಲ್ಲಿ ಎಂದು ಕೇಳತೊಡಗಿದರೆ ಒಗ್ಗರಣೆ ಹಾಕುತ್ತಿದ್ದ ಭಟ್ಟರ ಕೈ ನಿಲ್ಲುತ್ತದೆ. ಮೂವರಿರುವಲ್ಲಿ ಪರಸ್ಪರ ಮಾತಿನ ಜೋಡಿಗಳು 3. ಹತ್ತು ಜನರಾದರೆ 45. ಆದ್ದರಿಂದ ಆರು ಮಾನವ-ತಿಂಗಳ ಕೆಲಸವನ್ನು ಆರು ಜನರು ಒಂದೇ ತಿಂಗಳಲ್ಲಿ ಮುಗಿಸುತ್ತಾರೆಂದು ಭಾಗಾಕಾರ ಮಾಡಲಾಗದು.

ಪಟ್ಟಿಯಲ್ಲಿ ಇಲ್ಲದ ಕೆಲಸ

1990ರ ದಶಕದಲ್ಲಿ ನಾವು ದುಡಿಯುತ್ತಿದ್ದ ಶಾಖೆಯೊಂದು ಕೈಬರಹದ ಲೆಡ್ಜರುಗಳಿಂದ ಗಣಕಯಂತ್ರಕ್ಕೆ ಬದಲಾಯಿತು. ತಂತ್ರಾಂಶ ಹೇಳಿದ ದಿನಕ್ಕೇ ಬಂತು. ಲೆಡ್ಜರುಗಳು ಮಾತ್ರ ಸಿದ್ಧವಿರಲಿಲ್ಲ. ಒಬ್ಬರೇ ಖಾತೆದಾರರು ಮೂರು ಕಡೆ ಮೂರು ಹೆಸರಿನಲ್ಲಿದ್ದರು. ಅಪ್ರಾಪ್ತರೆಂದು ಬರೆದಿದ್ದವರು ಎಂದೋ ಮಕ್ಕಳ ತಂದೆಯರಾಗಿದ್ದರು. ಇವನ್ನೆಲ್ಲ ತಿದ್ದಿ ತುಂಬಲು ಸಿಬ್ಬಂದಿಯ ಹಲವು ಭಾನುವಾರಗಳು ಹೋದವು. ಪಿಂಚಣಿಗೆ ಬಂದ ವೃದ್ಧರು ಕೌಂಟರಿನ ಮುಂದೆ ಗಂಟೆಗಟ್ಟಲೆ ಕಾದರು. ಯಾರ ಅಂದಾಜು ಪಟ್ಟಿಯಲ್ಲೂ ಈ ಕೆಲಸಕ್ಕೆ ಒಂದು ಸಾಲು ಇರಲಿಲ್ಲ.

ನಮ್ಮೆಲ್ಲರಿಗೂ ಪರಿಚಿತವಾದ ಆದಾಯ ತೆರಿಗೆಯ ಜಾಲತಾಣವನ್ನೇ ನೋಡೋಣ. ಇನ್ಫೋಸಿಸ್ ನಿರ್ಮಿಸಿದ ಈ ಯೋಜನೆಗೆ 2019ರ ಜನವರಿಯಲ್ಲಿ ಕೇಂದ್ರ ಸಂಪುಟವು ಮಂಜೂರು ಮಾಡಿದ ಮೊತ್ತ ಸುಮಾರು 4,242 ಕೋಟಿ ರೂಪಾಯಿ. ಒಂದು ಜಾಲತಾಣಕ್ಕೆ ಇಷ್ಟೊಂದು ಹಣವೇ ಎಂದು ನಾವೂ ಬೆರಗಾಗಿದ್ದೆವು. ಆ ಮೊತ್ತ ಎಂಟೂವರೆ ವರ್ಷಗಳ ಅವಧಿಗೆ, ತೆರಿಗೆ, ಬಾಡಿಗೆ, ಅಂಚೆ ಮತ್ತು ನಿರ್ವಹಣೆಯ ವೆಚ್ಚಗಳೂ ಸೇರಿದ್ದೆಂದು ಸರಕಾರವು 2021ರಲ್ಲಿ ಲೋಕಸಭೆಗೆ ತಿಳಿಸಿತು. 2021ರ ಜೂನ್ 7ರಂದು ಜಾಲತಾಣ ತೆರೆದಾಗ ಜನರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಅದರ ಕಾರಣಗಳ ವಿಮರ್ಶೆ ಇಲ್ಲಿ ಬೇಡ. ಯಾವುದೇ ಮೊತ್ತವನ್ನು ಕೇಳಿದಾಗ ಅದರೊಳಗೆ ಏನೇನಿದೆ, ಎಷ್ಟು ವರ್ಷಕ್ಕಿದೆ ಎಂದು ಕೇಳದೆ ಹೆಚ್ಚು ಕಡಿಮೆ ಎನ್ನಬಾರದೆಂಬುದಷ್ಟೇ ನಮ್ಮ ಮಾತು. ತಂತ್ರಾಂಶ ಬರೆದು ಮುಗಿದರೂ ಖರ್ಚು ಮುಗಿಯದು. 2025ರ ಸೆಪ್ಟೆಂಬರ್ 22ರಂದು ಹಲವು ಸರಕುಗಳ ಜಿಎಸ್‌ಟಿ ದರ ಬದಲಾದಾಗ ಅಂಗಡಿಗಳ ಬಿಲ್ಲಿನ ತಂತ್ರಾಂಶಗಳನ್ನೂ ತಿದ್ದಬೇಕಾಯಿತಲ್ಲವೇ?

ಅಂದಾಜು ಬೇರೆ, ಮಾತು ಕೊಡುವುದು ಬೇರೆ

ನಮ್ಮ ಅಕ್ಕನ ಮಗ ಹೇಳಿದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಮೇಲಿನವರೊಬ್ಬರು ಮೆಟ್ಟಿಲ ಮೇಲೆ ಎದುರಾದಾಗ "ಇದಕ್ಕೆ ಎಷ್ಟು ದಿನ ಬೇಕಾದೀತು?" ಎಂದು ಕೇಳಿದರಂತೆ. ಬಾಯಿಗೆ ಬಂದಂತೆ "ಒಂದು ತಿಂಗಳು ಸಾಕೇನೋ" ಎಂದನಂತೆ. ಸಂಜೆಯೊಳಗೆ ಆ "ಏನೋ" ಬಿದ್ದುಹೋಗಿ, ತಿಂಗಳು ಗ್ರಾಹಕರಿಗೆ ಕೊಟ್ಟ ಮಾತಾಗಿತ್ತು. ಆ ಮಾತನ್ನು ಉಳಿಸಲು ಅವನು ಎಷ್ಟೋ ರಾತ್ರಿ ಮನೆಗೆ ಬರಲಿಲ್ಲ. ಮಕ್ಕಳು ನಡುರಾತ್ರಿಯಾದರೂ ಬಾರದಿದ್ದಾಗ ಬಾಗಿಲ ಬಳಿ ಕಾಯುವ ತಾಯಂದಿರಿಗೆ ಇದರ ಮೂಲ ತಿಳಿದಿರಲಿಕ್ಕಿಲ್ಲ. ತಪ್ಪಿದ ಅಂದಾಜಿನ ಬೆಲೆಯನ್ನು ಕೊನೆಗೆ ಯಾರೋ ತಮ್ಮ ನಿದ್ದೆಯಿಂದ ತೆರುತ್ತಾರೆ.

ಇದಕ್ಕೊಂದು ಸರಳ ಉಪಾಯ ಮೂರು ಅಂಕಿಗಳನ್ನು ಹೇಳುವುದು. ಎಲ್ಲವೂ ಸರಿಹೋದರೆ 4 ವಾರ, ಸಾಮಾನ್ಯವಾಗಿ 6 ವಾರ, ಕೆಟ್ಟರೆ 14 ವಾರ ಎಂದಿರಲಿ. ನಡುವಿನ ಅಂಕಿಗೆ ನಾಲ್ಕು ಪಟ್ಟು ತೂಕ ಕೊಟ್ಟು ಮೂರನ್ನೂ ಕೂಡಿ ಆರರಿಂದ ಭಾಗಿಸಿದರೆ 7 ವಾರ ಬರುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಕ್ರಮವಿದು. 7 ವಾರವೆಂಬ ಉತ್ತರಕ್ಕಿಂತಲೂ, 14 ವಾರವಾದರೂ ಆಗಬಹುದೆಂಬುದನ್ನು ಇಬ್ಬರೂ ಮೊದಲೇ ಕಾಗದದ ಮೇಲೆ ಕಂಡಿರುವುದು ಇದರ ದೊಡ್ಡ ಲಾಭ.

ಮಿತ್ರರಿಗೆ ನಾವು ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆವು. ನೀವು ಎಣಿಸಿದ್ದು ಏನನ್ನು? ಹಿಂದೆ ಇಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು? ಹಳೆಯ ಲೆಕ್ಕ ತುಂಬುವುದು, ಕೆಲಸಗಾರರಿಗೆ ಕಲಿಸುವುದು, ಒಂದು ವರ್ಷ ತಿದ್ದಿಕೊಡುವುದು ಇದರಲ್ಲಿ ಸೇರಿದೆಯೇ? ನಾವು ನಡುವೆ ಮನಸ್ಸು ಬದಲಿಸಿದರೆ ಅದರ ಲೆಕ್ಕ ಹೇಗೆ?

7 ಲಕ್ಷದವರು ಎಲ್ಲವನ್ನೂ ಸೇರಿಸಿದ್ದರು. 2 ಲಕ್ಷದ ಹುಡುಗರು ಬಿಲ್ಲಿನ ಭಾಗವನ್ನಷ್ಟೇ ಎಣಿಸಿದ್ದರು. ಪ್ರಶ್ನೆಗಳನ್ನು ನೋಡಿ ಮತ್ತೆ ಲೆಕ್ಕ ಹಾಕಿ ಐದೂವರೆ ಲಕ್ಷ ಎಂದರು. ಮಿತ್ರರು ಮೊದಲು ಬಿಲ್ಲಿನ ಭಾಗವನ್ನು ಬರೆಸಿ, ಅದು ನಡೆದ ಮೇಲೆ ಉಳಿದದ್ದು ಎಂದು ಹಂತಗಳಾಗಿ ಒಪ್ಪಿಕೊಂಡರು, ಗೃಹಸಾಲದಂತೆಯೇ. ಕಾಗದಗಳನ್ನು ಹಿಂದಕ್ಕೆ ಪಡೆಯುವಾಗ ಅವರು ಹೇಳಿದ್ದಿಷ್ಟು: "ರಾಯರೇ, ಯಾರೂ ಮೋಸ ಮಾಡಿರಲಿಲ್ಲ. ನನಗೇನು ಬೇಕೆಂದು ನಾನೇ ಇಬ್ಬರಿಗೂ ಸರಿಯಾಗಿ ಹೇಳಿರಲಿಲ್ಲ."