ದಾರಕ್ಕೊಂದು ಕಸೂತಿಯ ಬಿಲ್ಲೆ

ಕ್ರಾಸ್ ಸ್ಟಿಚ್ ಕಸೂತಿಯಲ್ಲಿ ಕೆಲಕಾಲ ಕೈಯಾಡಿಸಿದವರ ಪೆಟ್ಟಿಗೆಯನ್ನು ತೆರೆದು ನೋಡಿದರೆ ಅದರಲ್ಲಿ ಎರಡು ಬಗೆಯ ಅನಾಥವಸ್ತುಗಳು ಕಾಣಸಿಗುವುದುಂಟು. ಒಂದು, ಹೂವೋ ಹಕ್ಕಿಯೋ ಅಂದವಾಗಿ ಮೂಡಿದ್ದರೂ ಗಾಜು ಕಟ್ಟಿಸಿ ಗೋಡೆಗೆ ತೂಗಹಾಕುವುದಕ್ಕೆ ತೀರ ಚಿಕ್ಕವಾದ ಬಟ್ಟೆಯ ತುಣುಕುಗಳು; ಮತ್ತೊಂದು, ಸಂಖ್ಯೆಯ ಕಾಗದವನ್ನು ಕಳೆದುಕೊಂಡು, ಯಾವ ಲಡಿಯ ಶೇಷವೆಂದು ಹೇಳಲಾಗದಂತೆ ಒಂದರೊಳಗೊಂದು ತೊಡರಿಕೊಂಡ ದಾರಗಳು. ಮೊದಲನೆಯದಕ್ಕೆ ಪ್ರಯೋಜನವಿಲ್ಲ, ಎರಡನೆಯದಕ್ಕೆ ಗುರುತಿಲ್ಲ. ಆ ತುಣುಕಿಗೆ ಬೆನ್ನುಬಟ್ಟೆ ಕೊಟ್ಟು, ಅಂಚು ಕಟ್ಟಿ, ತಲೆಯಲ್ಲೊಂದು ರಂಧ್ರ ಮಾಡಿ, ಆ ರಂಧ್ರಕ್ಕೆ ದಾರವನ್ನು ಪೋಣಿಸಿಬಿಟ್ಟರೆ ಎರಡು ಕೊರತೆಗಳೂ ಪರಸ್ಪರ ನೀಗಿಹೋಗುತ್ತವೆ. ಪಾಶ್ಚಾತ್ಯ ಕಸೂತಿಗಾರರು ಫ್ಲಾಸ್ ಟ್ಯಾಗ್ ಎಂದು ಕರೆಯುವ ಈ ಪುಟ್ಟ ಸಾಧನವನ್ನು ನಾವು ದಾರದ ಬಿಲ್ಲೆ ಎನ್ನಬಹುದು.

ಇಂಥ ಬಿಲ್ಲೆ ಏತಕ್ಕೆ ಬೇಕೆಂಬುದು ಲಡಿಯೊಂದನ್ನು ಕೈಗೆತ್ತಿಕೊಂಡರೆ ತಾನೇ ವಿಶದವಾಗುತ್ತದೆ. 1746ರಲ್ಲಿ ಆಲ್ಸೇಸ್ ಪ್ರಾಂತದ ಮುಲ್ಹೌಸ್ ನಗರದಲ್ಲಿ ಬಟ್ಟೆಗೆ ಅಚ್ಚುಹಾಕುವ ಉದ್ಯಮವಾಗಿ ಮೊದಲಾಗಿ, ಕಾಲಾನಂತರದಲ್ಲಿ ಕಸೂತಿಯ ದಾರದಿಂದ ಜಗತ್ಪ್ರಸಿದ್ಧವಾದ ಡಿ.ಎಂ.ಸಿ. ಸಂಸ್ಥೆಯ ಹತ್ತಿದಾರವನ್ನೇ ನೋಡಿ: ಲಡಿಗೆ 8 ಮೀಟರ್ ಉದ್ದ, ಬೇಕಾದಷ್ಟನ್ನು ಬಿಡಿಸಿಕೊಳ್ಳಬಹುದಾದ 6 ಎಳೆ, ಮೈಮೇಲೆ ಎರಡು ಕಾಗದದ ಪಟ್ಟಿ, ಅವುಗಳಲ್ಲೊಂದರ ಮೇಲೆ ಬಣ್ಣದ ಸಂಖ್ಯೆ. ದಾರ ಮುಗಿಯುತ್ತ ಬಂದಂತೆ ಲಡಿ ತೆಳುವಾಗಿ, ಪಟ್ಟಿ ಸಡಿಲಗೊಂಡು ಜಾರಿಬೀಳುತ್ತದೆ; ಬಿದ್ದ ಮೇಲೆ, ಸುಮಾರು 500 ಛಾಯೆಗಳ ಆ ಸಮೂಹದಲ್ಲಿ 310 ಎಂಬ ಕಪ್ಪನ್ನೂ 3371 ಎಂಬ ಕರಿಗಂದು ಬಣ್ಣವನ್ನೂ ದೀಪದ ಬೆಳಕಿನಲ್ಲಿ ಬೇರ್ಪಡಿಸುವುದು ನುರಿತ ಕಣ್ಣಿಗೂ ಸುಲಭವಲ್ಲ. ನಮ್ಮ ಅಂಗಡಿಗಳಲ್ಲಿ ದೊರೆಯುವ ಆಂಕರ್ ದಾರದ ಸಂಖ್ಯಾಕ್ರಮವಾದರೋ ಬೇರೆಯೇ. ಅಲ್ಲಿ ಕಪ್ಪು 403. ಆದುದರಿಂದ ಎರಡನ್ನೂ ಬೆರೆಸಿ ಬಳಸುವವರು ಸಂಖ್ಯೆಯೊಡನೆ ದಾರದ ಹೆಸರನ್ನೂ ಗುರುತಿಸಿಕೊಳ್ಳಬೇಕಾಗುತ್ತದೆ.

ಗುರುತು ಹಚ್ಚುವ ಈ ಕಾರ್ಯ ಕ್ರಾಸ್ ಸ್ಟಿಚ್ಚಿಗೆ ಹೊಸದಲ್ಲ. ಬಟ್ಟೆಯ ನೂಲುಗಳನ್ನು ಎಣಿಸಿ ಗುಣಾಕಾರದ ಚಿಹ್ನೆಯಾಗಿ ಹಾಕುವ ಹೊಲಿಗೆಯಾದ ಕಾರಣ ಅದರಲ್ಲಿ ಅಕ್ಷರಗಳೂ ಅಂಕಿಗಳೂ ಸ್ಫುಟವಾಗಿ ಮೂಡುತ್ತವೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಯೂರೋಪಿನಲ್ಲಿ, ಹೊದಿಕೆ ಕೈವಸ್ತ್ರಗಳನ್ನು ಡಜನ್ನುಗಟ್ಟಲೆ ಇರಿಸಿಕೊಂಡಿದ್ದ ಅನುಕೂಲಸ್ಥರ ಮನೆಗಳಲ್ಲಿ, ಒಗೆಯಲು ಹೋದದ್ದು ತಪ್ಪದೆ ಮರಳಿ ಬರಲೆಂದೂ, ಎಲ್ಲವೂ ಸರದಿಯಂತೆ ಬಳಕೆಯಾಗಿ ಸಮನಾಗಿ ಸವೆಯಲೆಂದೂ, ಪ್ರತಿಯೊಂದರ ಮೂಲೆಯಲ್ಲಿ ಒಡೆಯರ ಹೆಸರಿನ ಮೊದಲಕ್ಷರವನ್ನೂ ಒಂದು ಸಂಖ್ಯೆಯನ್ನೂ ಈ ಹೊಲಿಗೆಯಿಂದಲೇ ಬರೆದಿಡುತ್ತಿದ್ದರು. ಹೆಣ್ಣುಮಕ್ಕಳು ಇದನ್ನು ಕಲಿಯುತ್ತಿದ್ದುದು ಸ್ಯಾಂಪ್ಲರ್ ಎಂಬ ಅಭ್ಯಾಸದ ಬಟ್ಟೆಯ ಮೇಲೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ತಾರೀಖುಳ್ಳ ಬ್ರಿಟಿಷ್ ಸ್ಯಾಂಪ್ಲರುಗಳಲ್ಲೆಲ್ಲ ಹಳೆಯದೆನಿಸಿದ, 1598ರ ಜೇನ್ ಬೋಸ್ಟಾಕಳ ಬಟ್ಟೆಯಲ್ಲಿಯೇ ಅಕ್ಷರಮಾಲೆಯುಂಟು. ಹತ್ತೊಂಬತ್ತನೆಯ ಶತಮಾನದ ಬ್ರಿಸ್ಟಲ್ ಅನಾಥಾಲಯದ ಬಾಲಿಕೆಯರಂತೂ, ಮುಂದೆ ಸಿರಿವಂತರ ಮನೆಯ ಊಳಿಗಕ್ಕೆ ಹೋಗತಕ್ಕವರಾದುದರಿಂದ, ಕೆಂಪು ದಾರದಲ್ಲಿ ಬಗೆಬಗೆಯ ಅಕ್ಷರಗಳನ್ನೂ ಅಂಕಿಗಳನ್ನೂ ಒತ್ತೊತ್ತಾಗಿ ಹೊಲಿದು ಕೈ ಪಳಗಿಸಿಕೊಳ್ಳುತ್ತಿದ್ದರು. ಅಂದು ಬಟ್ಟೆಯನ್ನು ಗುರುತಿಸಿದ ಹೊಲಿಗೆ ಇಂದು ದಾರವನ್ನು ಗುರುತಿಸುತ್ತಿದೆ. ಅದು ತನ್ನ ಹಳೆಯ ಉದ್ಯೋಗಕ್ಕೇ ಮರಳಿದೆಯೆಂದರೆ ತಪ್ಪಾಗಲಾರದು.

ಇನ್ನು ಮಾಡುವ ಕ್ರಮ. ಬಿಲ್ಲೆಗೆ 2 ಅಂಗುಲ ಅಗಲ, 3 ಅಂಗುಲ ಉದ್ದ ಹಿತವಾದ ಅಳತೆ. 14 ಕೌಂಟಿನ ಐಡಾ ಬಟ್ಟೆಯಲ್ಲಿ ಅಂಗುಲಕ್ಕೆ 14 ಚೌಕಗಳಿರುವುದರಿಂದ ಇದು 28 ಚೌಕಗಳ ಅಗಲ, 42 ಚೌಕಗಳ ಉದ್ದವಾಗುತ್ತದೆ. ಮೇಲ್ತುದಿಯ 10 ಸಾಲುಗಳನ್ನು ರಂಧ್ರಕ್ಕಾಗಿ ಬಿಟ್ಟು ಉಳಿದುದರಲ್ಲಿ ಚಿತ್ರವನ್ನು ಹೊಂದಿಸಿಕೊಳ್ಳಬೇಕು. ಮ್ಯಾಟಿ ಬಟ್ಟೆಯನ್ನು ಬಳಸುವುದಾದರೆ ಅಂಗುಲಕ್ಕೆ ಎಷ್ಟು ಚೌಕಗಳೆಂದು ಮೊದಲು ಎಣಿಸಿಕೊಳ್ಳುವುದು ಅವಶ್ಯಕ.

ಚಿತ್ರ ಮುಗಿದ ಬಳಿಕ ಬಿಲ್ಲೆಯ ಎಲ್ಲೆಯುದ್ದಕ್ಕೂ, ಹೊಲಿಗೆಗೆ ಎರಡು ಚೌಕಗಳಂತೆ, ಹಿಂಹೊಲಿಗೆಯ ಒಂದು ಗೆರೆಯನ್ನು ಹಾಕಬೇಕು; ಬೆನ್ನಿಗಿಡುವ ತುಂಡಿನ ಮೇಲೂ ಅಷ್ಟೇ ಹೊಲಿಗೆಗಳ ಗೆರೆ ಇರಬೇಕು. ಎರಡನ್ನೂ ಅರ್ಧ ಅಂಗುಲದ ಅಂಚು ಬಿಟ್ಟು ಕತ್ತರಿಸಿ, ಮೂಲೆಗಳನ್ನು ಓರೆಯಾಗಿ ತೆಗೆದು, ಅಂಚುಗಳನ್ನು ಗೆರೆಯಲ್ಲಿ ಒಳಮುಖವಾಗಿ ಮಡಿಸಿ, ಬೆನ್ನಿಗೆ ಬೆನ್ನು ಸೇರಿಸಿ, ಎದುರುಬದುರಾದ ಗೆರೆಯ ಹೊಲಿಗೆಗಳನ್ನು ಮಾತ್ರ ಜೊತೆಜೊತೆಯಾಗಿ ಕೋದುಕೊಂಡು ಹೋದರೆ, ಸೂಜಿ ಬಟ್ಟೆಯನ್ನು ಚುಚ್ಚದೆಯೇ ಎರಡು ಮಗ್ಗುಲುಗಳು ಕೂಡಿ ಹೆಣೆದಂಥ ಅಂಚು ಮೂಡುತ್ತದೆ. ಮೂರು ಬದಿ ಮುಗಿದಾಗ, ಅಳತೆಗೆ ತುಸು ಚಿಕ್ಕದಾಗಿ ಕತ್ತರಿಸಿದ ದಪ್ಪನೆಯ ಬಕ್ರಂ ತುಂಡನ್ನು ಒಳಗೆ ತೂರಿಸಿ ನಾಲ್ಕನೆಯ ಬದಿಯನ್ನು ಮುಚ್ಚುವುದು. ಅವಸರವುಳ್ಳವರು ಇಸ್ತ್ರಿಯ ಬಿಸಿಗೆ ಅಂಟುವ ಬಕ್ರಂ ತಂದು, ಕಸೂತಿಯ ಮುಖವನ್ನು ದಪ್ಪ ಟವೆಲ್ಲಿನ ಮೇಲೆ ಕವುಚಿಟ್ಟು ಬೆನ್ನಿನಿಂದ ಇಸ್ತ್ರಿ ಮಾಡಬಹುದು. ಹಾಗೆ ಕವುಚಿಡದಿದ್ದರೆ ಹೊಲಿಗೆಗಳೆಲ್ಲ ಚಪ್ಪಟೆಯಾಗಿ ಕಳೆಗುಂದುತ್ತವೆ. ಕೊನೆಗೆ ರಂಧ್ರ ಕೊರೆದು ಲೋಹದ ಐಲೆಟ್ ಕೂರಿಸಬೇಕು. ರಂಧ್ರವು ಐಲೆಟ್ಟಿನ ಕತ್ತಿಗೆ ಬಿಗಿಯಾಗಿರುವುದು ಮುಖ್ಯ. ದೊಡ್ಡದಾದರೆ ನೂಲುಗಳು ಬಿಚ್ಚಿಕೊಂಡು ಲೋಹ ಕಳಚಿಬರುತ್ತದೆ.

ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಈ ಕೆಲಸ ಅಪರಿಚಿತವೆನಿಸದು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ಅಲ್ಲಿಯ ನಾಲ್ಕು ಹೊಲಿಗೆಗಳಲ್ಲಿ ಮೆಂತಿಯೆಂಬುದು ಕ್ರಾಸ್ ಸ್ಟಿಚ್ಚೇ ಆಗಿದೆ. ಗವಂತಿ ಮುರ್ಗಿಗಳಲ್ಲಿ ಎರಡು ಮಗ್ಗುಲೂ ಒಂದೇ ಸಮನಾಗಿ ಕಾಣಬೇಕೆಂಬ ನಿಯಮವುಂಟಷ್ಟೆ. ಬಿಲ್ಲೆಯ ಬೆನ್ನು ಮುಚ್ಚಿಹೋಗುವುದರಿಂದ ಅಷ್ಟು ನಿಷ್ಠುರತೆ ಇಲ್ಲಿ ಬೇಕಿಲ್ಲ. ಆದರೆ ಗಂಟು ಹಾಕಬಾರದೆಂಬ ಧಾರವಾಡದ ಶಿಸ್ತನ್ನು ಮಾತ್ರ ಇಲ್ಲಿಯೂ ಪಾಲಿಸತಕ್ಕದ್ದು, ಏಕೆಂದರೆ ಬಿಲ್ಲೆಯ ಬಿಗಿಯಲ್ಲಿ ಒಂದೊಂದು ಗಂಟೂ ಮುಖದ ಕಡೆಗೆ ಉಬ್ಬಿ ತೋರುತ್ತದೆ.

ದಾರವನ್ನು ಕಟ್ಟುವುದರಲ್ಲಿಯೂ ಒಂದು ಯುಕ್ತಿಯಿದೆ. ಹೊಲಿಯುವಾಗ ಸಿಕ್ಕಾಗದೆ ಹರಿಯುವ ಉದ್ದವೆಂದರೆ ಮೊಳ, ಎಂದರೆ 18 ಅಂಗುಲ. ಲಡಿಯನ್ನು ಗಜದುದ್ದಕ್ಕೆ ಕತ್ತರಿಸಿದರೆ 8 ತುಂಡುಗಳಾಗಿ ಸ್ವಲ್ಪ ಮಿಗುತ್ತದೆ. ಅವನ್ನೆಲ್ಲ ಒಟ್ಟಿಗೆ ನಡುವೆ ಮಡಿಸಿ, ಮಡಿಕೆಯನ್ನು ರಂಧ್ರದಲ್ಲಿ ತೂರಿಸಿ, ಆ ಕುಣಿಕೆಯೊಳಗಿಂದ ತುದಿಗಳನ್ನು ಹಾಯಿಸಿ ಎಳೆದರೆ, ದಾರ ಬಿಲ್ಲೆಗೆ ಕಚ್ಚಿಕೊಂಡು ಮೊಳದುದ್ದ ತೂಗುತ್ತದೆ. ಬೇಕಾದಾಗ ಒಂದು ತುಂಡನ್ನು ಜಾರಿಸಿಕೊಂಡು ಅದರಿಂದ ಒಂದೇ ಎಳೆಯನ್ನು ಬಿಡಿಸಿ, ನಡುವೆ ಮಡಿಸಿ, ಎರಡು ತುದಿಗಳನ್ನೂ ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯ ಬೆನ್ನಿನಲ್ಲಿ ಆ ಮಡಿಕೆಯೊಳಗಿಂದಲೇ ಸೂಜಿಯನ್ನು ಹಾಯಿಸಿಕೊಂಡರೆ, ಗಂಟಿಲ್ಲದೆ ಜೋಡಿ ಎಳೆಯ ಹೊಲಿಗೆ ಆರಂಭವಾಗುತ್ತದೆ. ಒಂದು ಲಡಿಯಿಂದ ಈ ಬಗೆಯ 48 ಎಳೆಗಳು ದೊರೆಯುತ್ತವೆ.

ಬಿಲ್ಲೆಯ ಮೇಲೆ ಏನನ್ನು ಹೊಲಿಯಬೇಕೆಂಬುದು ಅಭಿರುಚಿಗೆ ಸೇರಿದ ವಿಷಯವಾದರೂ ಒಂದು ವಿವೇಕ ಅಗತ್ಯ. ಸಂಖ್ಯೆಯನ್ನೇ ಹೊಲಿದುಬಿಟ್ಟರೆ ಬಿಲ್ಲೆ ಆ ಒಂದು ಬಣ್ಣಕ್ಕೆ ಶಾಶ್ವತವಾಗಿ ಮೀಸಲಾಗುತ್ತದೆ. ಕಪ್ಪು, ಬಿಳುಪು ಮುಂತಾಗಿ ಎಂದೆಂದಿಗೂ ಬೇಕಾಗುವ ಬಣ್ಣಗಳಿಗೆ ಆ ಗೌರವ ಸಲ್ಲತಕ್ಕದ್ದೇ. ಉಳಿದವಕ್ಕೆ ಹೂವನ್ನೋ ಹಕ್ಕಿಯನ್ನೋ ಹೊಲಿದು, ಸಂಖ್ಯೆಯನ್ನು ಬದಲಿಸಬಹುದಾದ ಚೀಟಿಯಲ್ಲಿ ಬರೆದು ಕಟ್ಟುವುದು ಲೇಸು. ಹೊಸದಾಗಿ ಕಲಿಯುವವರು ಗೋಡೆಯಗಲದ ಚಿತ್ರವನ್ನು ಹಿಡಿದು ನಡುವೆ ಕೈಬಿಡುವುದಕ್ಕೆ ಬದಲಾಗಿ 310 ಎಂಬ ಮೂರಂಕಿಗಳ ಒಂದು ಬಿಲ್ಲೆಯಿಂದ ಮೊದಲುಮಾಡುವುದು ಒಳ್ಳೆಯದು: ಎಣಿಕೆ, ಮೂಲೆ, ಅಂಚು, ಮುಕ್ತಾಯ ಎಂಬ ಈ ವಿದ್ಯೆಯ ಎಲ್ಲ ಅಂಗಗಳೂ ಅದರಲ್ಲಿ ಅಡಕವಾಗಿವೆ, ಮೇಲಾಗಿ, ಕಲಿಕೆಯ ಮೊದಲ ಫಲವೇ ಮುಂದಿನ ಕೆಲಸದ ಉಪಕರಣವಾಗಿ ಕೈಗೆ ಬರುತ್ತದೆ.