ಏರುನೆಲದ ಓಟ

ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಆ ಇಳಿತದ ಬಲದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ನೀರಿನ ಶಕ್ತಿಯು ಇಳಿತದಲ್ಲಿ ಪ್ರಕಟವಾದರೆ, ಓಟಗಾರನ ಶಕ್ತಿಯು ಏರಿನಲ್ಲಿ ಸಂಚಯವಾಗುತ್ತದೆ. ಆದರೂ ಓಟದ ಅಭ್ಯಾಸವೆಂದರೆ ಶಾಲೆಯ ಬಯಲನ್ನು ಸುತ್ತುವುದಷ್ಟೇ ಎಂಬ ಭಾವನೆ ಇನ್ನೂ ಬಲವಾಗಿದೆ. ದಿಬ್ಬವು ಕಣ್ಣೆದುರಿಗಿರುವ ಊರಿನಲ್ಲಿ ಇದೊಂದು ನಷ್ಟವೇ ಸರಿ.

ಏರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರವನ್ನು ಮೇಲಕ್ಕೆತ್ತಬೇಕಾಗುತ್ತದೆ. ಆದುದರಿಂದ ವೇಗವು ಕಡಮೆಯಿದ್ದರೂ ಹೃದಯ, ಶ್ವಾಸಕೋಶಗಳು ಬಯಲಿನ ಬಿರುಸಾದ ಓಟದಷ್ಟೇ ದುಡಿಯುತ್ತವೆ. ಮೀನಖಂಡ, ತೊಡೆ, ಪೃಷ್ಠಗಳ ಸ್ನಾಯುಗಳು ಬಲಗೊಳ್ಳುತ್ತವೆ. ನೆಲವೇ ಪಾದವನ್ನು ಎದುರುಗೊಳ್ಳುವುದರಿಂದ ಅಪ್ಪಳಿಸುವ ಪೆಟ್ಟೂ ತಗ್ಗುತ್ತದೆ. ಹಿಮ್ಮಡಿಯ ಮೇಲಣ ಸ್ನಾಯುರಜ್ಜುವಿಗೆ ಮಾತ್ರ ಎಳೆತ ಹೆಚ್ಚು.

ಇಳಿತದ ಕಥೆ ಬೇರೆ. ಅಲ್ಲಿ ತೊಡೆಯ ಮುಂಭಾಗದ ಸ್ನಾಯುವು ಹಿಗ್ಗುತ್ತಲೇ ಬಿಗಿದು ದೇಹವನ್ನು ತಡೆಯಬೇಕು. ಮೊದಲ ದಿನವೇ ಇಳಿಜಾರಿನಲ್ಲಿ ಧಾವಿಸಿ, ಮರುದಿನ ಮೆಟ್ಟಿಲಿಳಿಯಲಾರದೆ ಅಭ್ಯಾಸವನ್ನೇ ಬಿಟ್ಟುಬಿಡುವ ಹುಡುಗರು ಉಂಟು. ಹೊಸಬರು ನಡೆದೇ ಇಳಿಯತಕ್ಕದ್ದು. ಕ್ರಮೇಣ ರೂಢಿಸಿದಲ್ಲಿ ಅದೇ ಸ್ನಾಯು ಅಷ್ಟಾಗಿ ನೋಯದು.

ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದವನು. ಹರಳಯ್ಯನವರ ಕಾಯಕವನ್ನು ಬಲ್ಲ ನಾಡಿಗೆ ಈ ಸಂಗತಿ ಪ್ರಿಯವಾಗಬಹುದು. ಆತನು ತನ್ನ ಶಿಷ್ಯರನ್ನು ವೈಟಾಕರೆ ಬೆಟ್ಟಸಾಲಿನಲ್ಲಿ 22 ಮೈಲಿಗಳ ಹಾದಿಯಲ್ಲಿ ಓಡಿಸುತ್ತಿದ್ದನು. 1960ರ ರೋಂ ಒಲಿಂಪಿಕ್ಸ್‌ನಲ್ಲಿ ಅವರಲ್ಲಿ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹ್ಯಾಲ್‌ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಕೇವಲ 800 ಮೀಟರು ಓಡುವವನಿಗೆ ಬೆಟ್ಟದ ಅಷ್ಟುದ್ದದ ಹಾದಿಯೇಕೆಂದು ಕೇಳಿದವರಿಗೆ ಇದೇ ಉತ್ತರವಾಯಿತು.

ಮನಸ್ಸಿಗೆ ಆಗುವ ಲಾಭ ಇದಕ್ಕಿಂತ ಸೂಕ್ಷ್ಮವಾದುದು. ಮೈಸೂರಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರಿ ಅಭ್ಯಾಸ ಮಾಡುವವರು ಅದನ್ನು ಬಲ್ಲರು. ತುದಿಯನ್ನೇ ನೋಡುತ್ತ ಏರುವವನು ಬೇಗ ಸೋಲುತ್ತಾನೆ. ಮುಂದಿನ ನಾಲ್ಕು ಮೆಟ್ಟಿಲನ್ನು ನೋಡುವವನು ಉಸಿರಿನ ಲಯವನ್ನು ಕಂಡುಕೊಳ್ಳುತ್ತಾನೆ. ಆರಂಭದಲ್ಲೇ ಶಕ್ತಿಯನ್ನೆಲ್ಲ ಸುರಿದವನಿಗೆ ಬೆಟ್ಟವು ಆಗಲೇ ದಂಡ ವಿಧಿಸುತ್ತದೆ. ಬಯಲಿನಲ್ಲಿ ಆ ಪಾಠ ಇಷ್ಟು ಬೇಗ ಸಿಗದು.

ವಾರಕ್ಕೊಮ್ಮೆ, ಮೈ ಬೆಚ್ಚಗಾದ ತರುವಾಯ, ಒಂದು ನಿಮಿಷದ ಏರನ್ನು ಐದಾರು ಬಾರಿ ಓಡಿ, ಪ್ರತಿಸಲವೂ ನಡೆದು ಹಿಂದಿರುಗಿದರೆ ಆರಂಭಕ್ಕೆ ಧಾರಾಳವಾಯಿತು. ಹೆಜ್ಜೆ ಕಿರಿದಾಗಿರಲಿ, ಕೈಗಳು ಬೀಸುತ್ತಿರಲಿ, ನಡು ಬಾಗದಿರಲಿ. ಶಿವನಸಮುದ್ರದಲ್ಲಿ ಇದಕ್ಕೆ ದಿಣ್ಣೆಯ ರಸ್ತೆಯನ್ನೇ ಆರಿಸಿಕೊಳ್ಳಬೇಕು. ಜಲಪಾತದ ಪಾಚಿಗಟ್ಟಿದ ಬಂಡೆಗಳ ಸಮೀಪಕ್ಕೆ, ಉಪಾಧ್ಯಾಯರು ಜೊತೆಗಿದ್ದರೂ, ಮಕ್ಕಳನ್ನು ಬಿಡಲಾಗದು.