ಹೊಸ ಮ್ಯಾನೇಜರ್, ಹಳೆಯ ಅಭಿಮಾನಿ

'ಆರ್ಸೆನ್ ಯಾರು?'

1996ರಲ್ಲಿ ಲಂಡನ್ನಿನ ಸಂಜೆಪತ್ರಿಕೆಯೊಂದು ಕೊಟ್ಟ ಎರಡೇ ಮಾತಿನ ಈ ತಲೆಬರಹ ಇಂಗ್ಲೆಂಡಿನ ಫುಟ್‌ಬಾಲ್ ವಲಯದಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ. ಉತ್ತರ ಲಂಡನ್ನಿನ ಹೆಸರಾಂತ ಕ್ಲಬ್ ಆರ್ಸೆನಲ್ ತನ್ನ ಹೊಸ ಮ್ಯಾನೇಜರನ್ನು ಆರಿಸಿಕೊಂಡಿತ್ತು. ಅಭಿಮಾನಿಗಳು ಕಾದಿದ್ದುದು ಹಾಲೆಂಡಿನ ಯೋಹಾನ್ ಕ್ರೈಫ್ ಅವರಂಥ ಜಗತ್ಪ್ರಸಿದ್ಧ ಹೆಸರಿಗೆ. ಬಂದವರು ಜಪಾನಿನ ನಗೋಯಾ ಗ್ರ್ಯಾಂಪಸ್ ತಂಡವನ್ನು ನಡೆಸುತ್ತಿದ್ದ, ಕನ್ನಡಕ ಧರಿಸಿದ, ಸಣಕಲು ಮೈಯ ಫ್ರೆಂಚ್ ಪ್ರಜೆ ಆರ್ಸೆನ್ ವೆಂಗರ್. ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಅರ್ಥಶಾಸ್ತ್ರದ ಪದವಿ ಪಡೆದವರು. ಆಟಗಾರರಾಗಿ ಹೇಳಿಕೊಳ್ಳುವಂಥ ಹೆಸರನ್ನೇನೂ ಮಾಡಿದವರಲ್ಲ.

ತಂಡದ ನಾಯಕ ಟೋನಿ ಆಡಮ್ಸ್ ಅವರಿಗೇ ಅನುಮಾನವಿತ್ತು. ಈ ಫ್ರೆಂಚ್ ಮನುಷ್ಯನಿಗೆ ಫುಟ್‌ಬಾಲ್ ಏನು ಗೊತ್ತು, ನೋಡಿದರೆ ಶಾಲೆಯ ಮೇಷ್ಟರ ಹಾಗಿದ್ದಾರಲ್ಲ ಎಂದು ತಮಗೆ ಆಗ ಅನ್ನಿಸಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಭಿಮಾನಿಯ ಬದುಕಿನ ಬಗ್ಗೆ 1992ರಲ್ಲಿ 'ಫೀವರ್ ಪಿಚ್' ಎಂಬ ಪುಸ್ತಕ ಬರೆದ ಲೇಖಕ ನಿಕ್ ಹಾರ್ನ್‌ಬಿ ಅವರ ಮಾತೂ ಸ್ವಾರಸ್ಯವಾಗಿದೆ. ಪತ್ರಿಕೆಯಲ್ಲಿ ಬಂದ ಸಂಭವನೀಯರ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರೊಂದು ಕಂಡೊಡನೆ, 'ನಮ್ಮ ಕ್ಲಬ್ಬಿನವರು ಇವರನ್ನೇ ತರುತ್ತಾರೆ ನೋಡುತ್ತಿರಿ' ಎಂಬ ಅರ್ಥದಲ್ಲಿ ಅವರು ನಿಟ್ಟುಸಿರು ಬಿಟ್ಟಿದ್ದರಂತೆ.

ಹಾಗೆ ನಿಟ್ಟುಸಿರು ಬಿಟ್ಟವರೇ ಇಪ್ಪತ್ತೆರಡು ವರ್ಷಗಳ ನಂತರ ಅದೇ ವ್ಯಕ್ತಿಯನ್ನು ಎದ್ದುನಿಂತು ಬೀಳ್ಕೊಟ್ಟರು. ಆ ನಡುವೆ ಅವರಲ್ಲಿ ಬಹಳ ಮಂದಿ 'ತೊಲಗಿ' ಎಂದು ಕೂಗಿಯೂ ಇದ್ದರು. ಹೊಸ ಮ್ಯಾನೇಜರ್ ಬಂದಾಗ ಅಭಿಮಾನಿಗಳು ಏನು ಯೋಚಿಸುತ್ತಾರೆ, ಆ ಯೋಚನೆಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯಲು ಈ ಒಂದು ಕ್ಲಬ್ಬಿನ ಕಥೆ ಸಾಕು.

ಮ್ಯಾನೇಜರ್ ಎಂದರೆ ಯಾರು?

ನಮ್ಮಲ್ಲಿ ಕ್ರಿಕೆಟ್ ತಂಡದ ಮ್ಯಾನೇಜರ್ ಎಂದರೆ ಪ್ರಯಾಣ, ಹೋಟೆಲು, ಶಿಸ್ತು, ಲೆಕ್ಕಪತ್ರ ನೋಡಿಕೊಳ್ಳುವವರು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಲ್ಲ. ಅಲ್ಲಿ ಹನ್ನೊಂದು ಮಂದಿಯನ್ನು ಆರಿಸುವವರು, ಆಟದ ತಂತ್ರ ಹೆಣೆಯುವವರು, ಅಭ್ಯಾಸ ಮಾಡಿಸುವವರು, ಬಹಳ ಕಾಲದವರೆಗೆ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ನಿರ್ಧರಿಸುತ್ತಿದ್ದವರೂ ಅವರೇ. ಕ್ರಿಕೆಟ್ಟಿನ ಕ್ಯಾಪ್ಟನ್, ಕೋಚ್, ಆಯ್ಕೆ ಸಮಿತಿ ಮೂರನ್ನೂ ಒಬ್ಬರೇ ಹೊತ್ತಂತೆ. ಗೆದ್ದರೆ ಹಾರ, ಸೋತರೆ ಅವರ ತಲೆಗೇ ಕಟ್ಟುವುದು. ಆದ್ದರಿಂದ ಆ ಕುರ್ಚಿಗೆ ಯಾರು ಬರುತ್ತಾರೆ ಎಂಬುದು ಅಭಿಮಾನಿಗೆ ಮನೆಗೆ ಅಳಿಯನನ್ನು ಹುಡುಕುವಷ್ಟೇ ಗಂಭೀರ ವಿಷಯ. ವ್ಯತ್ಯಾಸವಿಷ್ಟೇ: ಈ ಸಂಬಂಧ ಕುದುರಿಸುವಾಗ ಅವನನ್ನು ಯಾರೂ ಕೇಳುವುದಿಲ್ಲ.

1996ರ ಅನುಮಾನಕ್ಕೆ ಕಾರಣಗಳೂ ಇದ್ದವು. ಎರಡು ಬಾರಿ ಲೀಗ್ ಗೆದ್ದುಕೊಟ್ಟಿದ್ದ ಜಾರ್ಜ್ ಗ್ರಹಾಂ ಅವರು ಆಟಗಾರರ ದಲ್ಲಾಳಿಯೊಬ್ಬರಿಂದ ಹಣ ಪಡೆದ ಪ್ರಕರಣದಲ್ಲಿ 1995ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ನಂತರ ಬಂದ ಬ್ರೂಸ್ ರಿಯಾಕ್ ಒಂದೇ ಋತುವಿಗೆ ಮುಗಿದರು. 1996ರ ಹೊಸ ಋತು ಶುರುವಾಗಲು ಐದು ದಿನವಿರುವಾಗ ಅವರನ್ನು ಕಳಿಸಲಾಯಿತು. ಅದಲ್ಲದೆ, ಇಂಗ್ಲೆಂಡಿಗೆ ಪರದೇಶದ ಮ್ಯಾನೇಜರುಗಳ ಅನುಭವವೂ ಸಿಹಿಯಾಗಿರಲಿಲ್ಲ. 1990ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬಿಗೆ ಬಂದ ಚೆಕೊಸ್ಲೊವಾಕಿಯಾದ ಯೋಸೆಫ್ ವೆಂಗ್ಲೋಷ್ ಒಂದೇ ವರ್ಷದಲ್ಲಿ ಹಿಂತಿರುಗಿದ್ದರು. ಪಾಪ, ಅಭಿಮಾನಿ ತನಗೆ ಗೊತ್ತಿದ್ದುದನ್ನು ಇಟ್ಟುಕೊಂಡೇ ಲೆಕ್ಕ ಹಾಕಿದ್ದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅವನ ಕೈಯಲ್ಲಿದ್ದ ಅಂಕಿಗಳು ಸಾಲದಾಗಿದ್ದವು, ಅಷ್ಟೆ.

ಅನುಮಾನ ಕರಗಿದ ಬಗೆ

ವೆಂಗರ್ ಅಧಿಕೃತವಾಗಿ ಕೆಲಸ ಶುರು ಮಾಡಿದ್ದು 1996ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆಯೇ ಅವರ ಸಲಹೆಯಂತೆ ಕ್ಲಬ್ ಕೊಂಡುಕೊಂಡಿದ್ದ ಪ್ಯಾಟ್ರಿಕ್ ವಿಯೆರಾ ಎಂಬ ಎತ್ತರದ ಯುವಕ ಸೆಪ್ಟೆಂಬರಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಪಂದ್ಯದ ದಿಕ್ಕನ್ನೇ ಬದಲಿಸಿದ. ಹೈಬರಿ ಮೈದಾನದಲ್ಲಿ ಕುಳಿತವರು, ಈ ಮೇಷ್ಟರಿಗೆ ಏನೋ ಗೊತ್ತಿರುವಂತಿದೆ ಎಂದು ಮೊದಲ ಬಾರಿಗೆ ಕಣ್ಣರಳಿಸಿದರು.

ಹೊಸ ಮ್ಯಾನೇಜರ್ ಆಟಗಾರರ ತಟ್ಟೆಗೇ ಕೈಹಾಕಿದರು. ಚಾಕೊಲೇಟು ಹೋಯಿತು, ಬೇಯಿಸಿದ ತರಕಾರಿ, ಮೀನು, ಕೋಳಿಮಾಂಸ ಬಂತು. ಮದ್ಯಪಾನದ ಹಳೆಯ ಚಾಳಿಗೆ ಕಡಿವಾಣ ಬಿತ್ತು. ಸ್ನಾಯುಗಳನ್ನು ಎಳೆದು ಸಡಿಲಿಸುವ ವ್ಯಾಯಾಮ ದಿನಚರಿಯಾಯಿತು. ದೇಹಶ್ರಮ ಮಾಡುವವನ ಸ್ನಾಯುವಿಗೆ ಬೇಕಾದ ಶಕ್ತಿ ಗ್ಲೈಕೊಜನ್ ರೂಪದಲ್ಲಿ ಶೇಖರವಾಗಿರುತ್ತದೆ. ತಕ್ಕ ಊಟವಿಲ್ಲದೆ ಅದು ತುಂಬುವುದಿಲ್ಲ. ಹೈಸ್ಕೂಲಿನ ಪಾಠದಂತಿರುವ ಈ ಮಾತು ಅಂದಿನ ಇಂಗ್ಲೆಂಡಿನ ಫುಟ್‌ಬಾಲಿಗೆ ಹೊಸದಾಗಿತ್ತು. ಮುಪ್ಪಾಯಿತೆಂದುಕೊಂಡಿದ್ದ ರಕ್ಷಣಾ ಆಟಗಾರರು ಮತ್ತೆ ಹಲವು ವರ್ಷ ಆಡಿದರು.

1998ರಲ್ಲಿ ಲೀಗ್ ಮತ್ತು ಎಫ್.ಎ. ಕಪ್ ಎರಡೂ ಒಟ್ಟಿಗೆ ಬಂದವು. 2002ರಲ್ಲಿ ಮತ್ತೊಮ್ಮೆ ಎರಡೂ. 2003-04ರ ಋತುವಿನಲ್ಲಂತೂ 38 ಲೀಗ್ ಪಂದ್ಯಗಳಲ್ಲಿ 26 ಗೆಲುವು, 12 ಡ್ರಾ, ಸೋಲು ಸೊನ್ನೆ. ಅರ್ಧ ಮಿಲಿಯನ್ ಪೌಂಡಿನ ಆಸುಪಾಸಿಗೆ ತಂದ ನಿಕೊಲಾ ಅನೆಲ್ಕಾ ಎಂಬ ಹುಡುಗನನ್ನು 1999ರಲ್ಲಿ 2 ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಮಾರಿದ ಲೆಕ್ಕವನ್ನು ಅಭಿಮಾನಿಗಳು ಬಾಯಿಪಾಠ ಒಪ್ಪಿಸುತ್ತಿದ್ದರು. 'ಆರ್ಸೆನ್ ಯಾರು?' ಎಂದು ಕೇಳಿದವರ ಬಾಯಲ್ಲೇ 'ಆರ್ಸೆನ್‌ಗೆ ಗೊತ್ತು' ಎಂಬ ಮಾತು ಬಂತು.

ಎರಡು ವಿಮಾನಗಳು

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಎತ್ತು ಸುಸ್ತಾದಾಗ ಬಾಲ ಹಿಡಿದವರ ಮಾತೇನು?

2006ರಲ್ಲಿ ಕ್ಲಬ್ ಹಳೆಯ ಹೈಬರಿಯನ್ನು ಬಿಟ್ಟು ಸುಮಾರು 60,000 ಜನ ಹಿಡಿಸುವ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಸಾಲ ತೀರಿಸಲು ಒಳ್ಳೊಳ್ಳೆಯ ಆಟಗಾರರನ್ನು ಮಾರಬೇಕಾಯಿತು. 2005ರ ಎಫ್.ಎ. ಕಪ್ ನಂತರ 2014ರವರೆಗೆ ಒಂದೇ ಒಂದು ಟ್ರೋಫಿ ಬರಲಿಲ್ಲ. 2011ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 8-2ರ ಸೋಲು. ಇತ್ತ ಟಿಕೆಟ್ಟಿನ ಬೆಲೆ ಮಾತ್ರ ದೇಶದಲ್ಲೇ ಅತಿ ದುಬಾರಿಗಳ ಸಾಲಿಗೆ ಸೇರಿತ್ತು. 2014ರ ಹೊತ್ತಿಗೆ ಅತ್ಯಂತ ಅಗ್ಗದ ವರ್ಷದ ಟಿಕೆಟ್ಟಿಗೂ ಸಾವಿರ ಪೌಂಡು ದಾಟಿತ್ತು. ಅಪ್ಪನ ಕೈಹಿಡಿದು ಮೈದಾನಕ್ಕೆ ಬಂದವನು ಈಗ ತನ್ನ ಮಗನನ್ನು ಕರೆತರಲು ಸಂಬಳದ ಲೆಕ್ಕ ಹಾಕಬೇಕಿತ್ತು. ಅವನ ಸಿಟ್ಟನ್ನು ಬರೀ ಕೃತಘ್ನತೆ ಎಂದು ತಳ್ಳಿಹಾಕಲಾಗದು.

2017ರ ಮಾರ್ಚ್ 18ರಂದು ವೆಸ್ಟ್ ಬ್ರಾಮ್ವಿಚ್‌ನಲ್ಲಿ ನಡೆದ ಪಂದ್ಯದ ವೇಳೆ ಆಕಾಶದಲ್ಲಿ ಎರಡು ಪುಟ್ಟ ವಿಮಾನಗಳು ಹಾರಿದವು. ಒಂದರ ಬಾಲಕ್ಕೆ ಕಟ್ಟಿದ ಬ್ಯಾನರಿನಲ್ಲಿ ವೆಂಗರ್‌ಗೆ ಹೊಸ ಒಪ್ಪಂದ ಬೇಡ, ಅವರು ಹೊರಡಲಿ ಎಂದಿತ್ತು. ಇನ್ನೊಂದರಲ್ಲಿ ಅವರ ಮೇಲೆ ನಮಗೆ ನಂಬಿಕೆಯಿದೆ ಎಂದಿತ್ತು. ಒಂದೇ ಕ್ಲಬ್ಬಿನ, ಒಂದೇ ಬಣ್ಣದ ಅಂಗಿ ತೊಟ್ಟ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಬಾಡಿಗೆಗೆ ಹಿಡಿದ ವಿಮಾನಗಳು ಅವು! ಅಂದು ಆರ್ಸೆನಲ್ 3-1ರಿಂದ ಸೋತಿತು.

2018ರ ಏಪ್ರಿಲಿನಲ್ಲಿ ವೆಂಗರ್ ತಾವು ಹೊರಡುವುದಾಗಿ ಘೋಷಿಸಿದರು. ಮೇ 6ರಂದು ತವರಿನ ಕೊನೆಯ ಪಂದ್ಯ. ಬರ್ನ್‌ಲಿ ವಿರುದ್ಧ 5-0 ಗೆಲುವು. ಮೂರು ಲೀಗ್ ಪ್ರಶಸ್ತಿ, ಏಳು ಎಫ್.ಎ. ಕಪ್, 1,235 ಪಂದ್ಯಗಳು. ಜಗಳ ಮರೆತ ಗ್ಯಾಲರಿ ಎದ್ದುನಿಂತಿತು. 2023ರಲ್ಲಿ ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆಯೂ ನಿಂತಿತು.

ಅಗಸನ ಗೋಣಿ

ವೆಂಗರ್ ನಂತರದ ಕಥೆ ಇನ್ನೂ ಪಾಠದಾಯಕ. 2018ರ ಮೇ ತಿಂಗಳಿನಲ್ಲಿ ಸ್ಪೇನಿನ ಉನಾಯ್ ಎಮೆರಿ ಬಂದರು. ಸೆವಿಲ್ಲಾ ತಂಡಕ್ಕೆ ಸತತ ಮೂರು ಬಾರಿ ಯುರೋಪಾ ಲೀಗ್ ಗೆದ್ದುಕೊಟ್ಟವರು. ಈ ಸಲ 'ಯಾರು?' ಎಂದು ಕೇಳುವ ಪ್ರಮೇಯವಿರಲಿಲ್ಲ. ಮೊದಲ ಎರಡು ಪಂದ್ಯ ಸೋತ ಮೇಲೆ ತಂಡ ಸತತ 22 ಪಂದ್ಯಗಳಲ್ಲಿ ಸೋಲಲೇ ಇಲ್ಲ. ಅಭಿಮಾನಿಗಳು ಹಿಗ್ಗಿದರು. ಆದರೆ 2019ರ ನವೆಂಬರ್ 29ರಂದು, ಏಳು ಪಂದ್ಯ ಗೆಲುವಿಲ್ಲದೆ ಕಳೆದ ಮೇಲೆ, ಎಮೆರಿ ಮನೆಗೆ ಹೋದರು. ಕೊನೆಕೊನೆಗೆ ಅವರ ಇಂಗ್ಲಿಷ್ ಉಚ್ಚಾರಣೆಯೂ ಗೇಲಿಯ ವಸ್ತುವಾಗಿತ್ತು. ಗೆಲ್ಲುತ್ತಿದ್ದಾಗ ಅದೇ ಉಚ್ಚಾರಣೆ ಮುದ್ದಾಗಿ ಕೇಳುತ್ತಿತ್ತು! ಅದೇ ಎಮೆರಿ 2021ರಲ್ಲಿ ವಿಲ್ಲಾರೆಯಾಲ್ ಎಂಬ ಸಣ್ಣ ಊರಿನ ತಂಡದೊಂದಿಗೆ ಸೆಮಿಫೈನಲಿನಲ್ಲಿ ಆರ್ಸೆನಲ್ಲನ್ನೇ ಮಣಿಸಿ ಯುರೋಪಾ ಲೀಗ್ ಗೆದ್ದರು.

2019ರ ಡಿಸೆಂಬರಿನಲ್ಲಿ ಹಳೆಯ ಆಟಗಾರ ಮಿಕೆಲ್ ಆರ್ಟೆಟಾ ಬಂದರು. ವಯಸ್ಸು 37, ಮ್ಯಾನೇಜರ್ ಆಗಿ ಅನುಭವ ಸೊನ್ನೆ. 2020ರಲ್ಲಿ ಎಫ್.ಎ. ಕಪ್ ಬಂತಾದರೂ ಲೀಗಿನಲ್ಲಿ ಎರಡು ವರ್ಷ ಎಂಟನೆಯ ಸ್ಥಾನ. 2021ರ ಆಗಸ್ಟಿನಲ್ಲಿ ಮೊದಲ ಮೂರೂ ಪಂದ್ಯ ಸೋತು ತಂಡ ಪಟ್ಟಿಯ ತಳ ಮುಟ್ಟಿದಾಗ ಇವರನ್ನೂ ಕಳಿಸಿ ಎಂಬ ಕೂಗು ಎದ್ದಿತು. ಕ್ಲಬ್ ಕಿವಿಗೊಡಲಿಲ್ಲ. 2023, 2024, 2025ರಲ್ಲಿ ತಂಡ ಸತತವಾಗಿ ಎರಡನೆಯ ಸ್ಥಾನ ಪಡೆಯಿತು.

ಇಲ್ಲಿ ವಿಜ್ಞಾನದ ಒಂದು ಸಣ್ಣ ಮಾತು ಹೇಳಬೇಕು. ಹೊಸತರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಹೊಸ ಮ್ಯಾನೇಜರ್ ಬಂದ ಹೊಸತರಲ್ಲಿ ತಂಡ ಚೇತರಿಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಅದು ಹೊಸಬರ ಕೈಗುಣವೇ? ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಅಳೆದು ಒಂದು ನಿಯಮ ತೋರಿಸಿದರು. ಬಹಳ ಎತ್ತರದವರ ಮಕ್ಕಳು ಸರಾಸರಿಯಾಗಿ ಅಷ್ಟು ಎತ್ತರವಿರುವುದಿಲ್ಲ. ಬಹಳ ಕುಳ್ಳರ ಮಕ್ಕಳು ಅಷ್ಟು ಕುಳ್ಳಗಿರುವುದಿಲ್ಲ. ಅದೃಷ್ಟದ ಪಾಲಿರುವ ಯಾವ ಅಳತೆಯೇ ಆಗಲಿ, ತೀರಾ ಮೇಲಕ್ಕೋ ತೀರಾ ಕೆಳಕ್ಕೋ ಹೋದದ್ದು ಮುಂದಿನ ಸಲ ಸರಾಸರಿಯ ಕಡೆಗೆ ಮರಳುವ ಸಂಭವ ಹೆಚ್ಚು. ಔಷಧಿ ತೆಗೆದುಕೊಂಡರೆ ನೆಗಡಿ ಏಳು ದಿನ, ತೆಗೆದುಕೊಳ್ಳದಿದ್ದರೆ ಒಂದು ವಾರ ಎನ್ನುವುದಿಲ್ಲವೇ, ಹಾಗೆ.

ಮ್ಯಾನೇಜರನ್ನು ತೆಗೆಯುವುದು ತಂಡ ತೀರಾ ಕೆಳಗಿದ್ದಾಗಲೇ. ಆದ್ದರಿಂದ ನಂತರದ ಚೇತರಿಕೆಯಲ್ಲಿ ಸ್ವಲ್ಪ ಭಾಗ ತಾನಾಗಿಯೇ ಬರುವಂಥದು. ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಜಾಲಾಡಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮ್ಯಾನೇಜರನ್ನು ತೆಗೆದ ತಂಡಗಳು ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಕೆಳಗೆ ಬಿದ್ದು ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಹಾಗೆಯೇ ಚೇತರಿಸಿಕೊಂಡಿದ್ದವು. ಹಾಗೆಂದ ಮಾತ್ರಕ್ಕೆ ಮ್ಯಾನೇಜರುಗಳೆಲ್ಲ ಒಂದೇ ಎಂದಲ್ಲ. ಒಂದು ಋತು ಪೂರ್ತಿ ಸೋಲದಿರುವುದು ಸರಾಸರಿಯ ಆಟವಲ್ಲ. ಆದರೆ ಹತ್ತು ಪಂದ್ಯ ನೋಡಿ ಪೂಜೆಗೋ ಪೆಟ್ಟಿಗೋ ಅಣಿಯಾಗುವುದು ಅವಸರವೆಂಬುದಂತೂ ಸ್ಪಷ್ಟ.

ಮ್ಯಾಂಚೆಸ್ಟರ್ ಯುನೈಟೆಡ್ಡಿನ ನಿದರ್ಶನವೂ ಇದೆ. 1986ರ ನವೆಂಬರಿನಲ್ಲಿ ಬಂದ ಅಲೆಕ್ಸ್ ಫರ್ಗ್ಯುಸನ್ ಮೂರು ವರ್ಷ ಏನನ್ನೂ ಗೆಲ್ಲಲಿಲ್ಲ. 1989ರ ಡಿಸೆಂಬರಿನಲ್ಲಿ, ಮೂರು ವರ್ಷದ ಸಬೂಬು ಸಾಕು, ನಮಸ್ಕಾರ ಎಂಬರ್ಥದ ಬ್ಯಾನರನ್ನು ಸ್ವಂತ ಅಭಿಮಾನಿಗಳೇ ಎತ್ತಿಹಿಡಿದರು. 1990ರಲ್ಲಿ ಎಫ್.ಎ. ಕಪ್ ಬಂತು. 2013ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಟ್ರೋಫಿಗಳ ಸಂಖ್ಯೆ 38. ಹಾಗೆಂದು ಅಭಿಮಾನಿಯ ಅನುಮಾನ ಯಾವಾಗಲೂ ಸುಳ್ಳಾಗುತ್ತದೆಂದಲ್ಲ. 1974ರಲ್ಲಿ ಲೀಡ್ಸ್ ತಂಡಕ್ಕೆ, ಅದನ್ನು ಬಹಿರಂಗವಾಗಿ ಹಳಿದಿದ್ದ ಬ್ರಯಾನ್ ಕ್ಲಫ್ ಅವರನ್ನೇ ತಂದರು. ಇದು ಹೊಂದುವ ಸಂಬಂಧವಲ್ಲ ಎಂಬುದು ಯಾರಿಗೂ ಕಾಣುವಂತಿತ್ತು. ನಲವತ್ತನಾಲ್ಕೇ ದಿನಗಳಲ್ಲಿ ಅವರು ಹೊರಬಿದ್ದರು.

ಕೇಳುವವರು ಯಾರು?

ಕೊನೆಗೆ ಉಳಿಯುವ ಪ್ರಶ್ನೆ ಬೇರೆ. ಅಭಿಮಾನಿಯ ಮಾತಿಗೆ ಜಾಗ ಎಲ್ಲಿದೆ? ಸ್ಪೇನಿನ ಬಾರ್ಸಿಲೋನಾದಲ್ಲಿ ಕ್ಲಬ್ಬಿನ ಸದಸ್ಯರು ಅಧ್ಯಕ್ಷರನ್ನು ಮತ ಹಾಕಿ ಆರಿಸುತ್ತಾರೆ. ಜರ್ಮನಿಯಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಮತಾಧಿಕಾರದ ಬಹುಪಾಲು ಸದಸ್ಯರ ಸಂಘದ ಬಳಿಯೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಆರ್ಸೆನಲ್ಲಿನಲ್ಲಿ ಒಂದೊಂದೇ ಷೇರನ್ನು ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದ ಸಾಮಾನ್ಯ ಅಭಿಮಾನಿಗಳಿದ್ದರು. 2018ರಲ್ಲಿ ಅಮೆರಿಕದ ಒಡೆಯ ಸ್ಟ್ಯಾನ್ ಕ್ರೋಂಕೆ ಕ್ಲಬ್ಬನ್ನು ಪೂರ್ತಿ ತಮ್ಮದಾಗಿಸಿಕೊಂಡಾಗ ಆ ಷೇರುಗಳನ್ನೂ ಕಡ್ಡಾಯವಾಗಿ ಕೊಳ್ಳಲಾಯಿತು. ವಾರ್ಷಿಕ ಸಭೆಯಲ್ಲಿ ಎದ್ದುನಿಂತು, ಇವರನ್ನು ಯಾಕೆ ತಂದಿರಿ ಎಂದು ಷೇರುದಾರನಾಗಿ ಕೇಳುವ ಹಕ್ಕು ಅಲ್ಲಿಗೆ ಮುಗಿಯಿತು. ಕೇಳುವ ಬಾಗಿಲು ಮುಚ್ಚಿದಾಗಲೇ ಕೂಗು, ಬ್ಯಾನರು, ವಿಮಾನ.

ಅಭಿಮಾನಿಯ ಮೊದಲ ದಿನದ ಅಭಿಪ್ರಾಯ ಭವಿಷ್ಯ ನುಡಿಯುವ ಪಂಚಾಂಗವಲ್ಲ. ಅದು ಅವನ ಅಂಜಿಕೆ ಮತ್ತು ಆಸೆಗಳ ಪಟ್ಟಿ. ಆ ಪಟ್ಟಿಯನ್ನು ಓದುವ ತಾಳ್ಮೆ ಒಡೆಯರಿಗಿರಬೇಕು, ಅದನ್ನೇ ತೀರ್ಪೆಂದುಕೊಳ್ಳದಿರುವ ತಾಳ್ಮೆ ಅಭಿಮಾನಿಗಿರಬೇಕು. ಹೊರಹಾಕಿಸಿಕೊಂಡ ಮ್ಯಾನೇಜರ್ ಪರಿಹಾರದ ಹಣ ಪಡೆದು ಇನ್ನೊಂದು ಕ್ಲಬ್ಬಿಗೆ ಹೋಗುತ್ತಾರೆ. ಆಟಗಾರ ಹೆಚ್ಚು ಸಂಬಳ ಕೊಡುವಲ್ಲಿಗೆ ಹೋಗುತ್ತಾನೆ. ಒಡೆಯ ಲಾಭ ಬಂದರೆ ಮಾರುತ್ತಾನೆ. ಕ್ಲಬ್ ಬದಲಿಸಲಾರದವನು ಅಭಿಮಾನಿ ಒಬ್ಬನೇ. ಹೊಸಬರನ್ನು ಅವನು ಅನುಮಾನದಿಂದ ನೋಡಿದರೆ ಅದರಲ್ಲಿ ಆಶ್ಚರ್ಯವೇನಿದೆ? ಅಷ್ಟು ಅನುಮಾನಪಟ್ಟ ಮೇಲೂ ಮುಂದಿನ ಶನಿವಾರ ಟಿಕೆಟ್ಟು ಕೊಂಡು ಮೈದಾನಕ್ಕೆ ಬರುತ್ತಾನಲ್ಲ, ಆಶ್ಚರ್ಯವಿರುವುದು ಅಲ್ಲಿ.